ಡೈರಿ ಅಕ್ಕ ಬರೆಯದ ಷರಾ

ಮೊನ್ನೆ ಬೆಳಿಗ್ಗೆ ನಮ್ಮ ಪ್ರಯೋಗಾಲಯದಲ್ಲಿ ಯಾರೋ ಅಮೈಲ್ ಆಲ್ಕೋಹಾಲ್ ಬಾಟಲಿಯ ಮುಚ್ಚಳ ತೆಗೆದಿಟ್ಟು ಮರೆತಿದ್ದರು. ಒಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯಿತು. ಗಂಟಲಿಗಿಳಿದು ಕೆಮ್ಮು ತರಿಸುವ ಆ ಘಾಟು ಒಂದು ಸಲ ಗೊತ್ತಾದವರಿಗೆ ಜನ್ಮದಲ್ಲಿ ಮರೆಯುವುದಿಲ್ಲ. ವಿದ್ಯಾರ್ಥಿಗಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದರು. ನಾನು ನಿಂತಲ್ಲೇ ನಿಂತೆ. ಬನ್ನೂರಿನ ಪಕ್ಕದ ನಮ್ಮ ಹಳ್ಳಿ, ಬೆಳಗಿನ ಆರು ಗಂಟೆ, ಹಾಲಿನ ಕ್ಯಾನುಗಳ ಸದ್ದು, ಡೈರಿ ಅಕ್ಕ...

ಡೈರಿ ಅಕ್ಕ ಎಂದರೆ ನಮ್ಮೂರಿನ ಹೆಂಗಸರ ಹಾಲಿನ ಸಂಘದ ಕಾರ್ಯದರ್ಶಿ. ನಂಜನಗೂಡು ಕಡೆಯ ಹೆಡತಲೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವರು. ಓದಿದ್ದು ಹತ್ತನೇ ಕ್ಲಾಸು. ಹಾಲಿನ ಜಿಡ್ಡು ಅಳೆಯುವ ಯಂತ್ರವೊಂದಿತ್ತು, ಅದು ತಿಂಗಳಲ್ಲಿ ಹದಿನೈದು ದಿನ ಕೆಟ್ಟೇ ಇರುತ್ತಿತ್ತು. ಆಗೆಲ್ಲ ಅಕ್ಕ ಹಳೇ ಪದ್ಧತಿಯಂತೆ ಗಾಜಿನ ಕೊಳವೆಗೆ ಹಾಲು, ಆಸಿಡ್ಡು, ಈ ಘಾಟಿನ ಆಲ್ಕೋಹಾಲು ಹಾಕಿ ಗರಗರ ತಿರುಗಿಸಿ ನೋಡುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಆ ಕೊಳವೆಯನ್ನು ಬೆಳಕಿಗೆ ಹಿಡಿದರೆಂದರೆ ಸಾಲಿನಲ್ಲಿದ್ದ ನಲವತ್ತು ಹೆಂಗಸರೂ ಗಪ್ ಚುಪ್.

ಅವರ ರಿಜಿಸ್ಟರಿನ ಕೊನೆಯ ಕಾಲಂ ಷರಾ. ಹಾಲಿಗೆ ನೀರು ಬಿದ್ದಿದ್ದರೆ, ಹುಳಿ ವಾಸನೆ ಇದ್ದರೆ, ಪಾತ್ರೆ ಸರಿಯಾಗಿ ತೊಳೆದಿಲ್ಲದಿದ್ದರೆ ಅಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಹಾಲು ಚೆನ್ನಾಗಿದ್ದರೆ ಏನೂ ಬರೆಯುತ್ತಿರಲಿಲ್ಲ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವೂ ಇರಲಿಲ್ಲ. ಖಾಲಿ ಇದ್ದರೆ ಸರಿ ಇದೆ ಎಂದರ್ಥ, ಊರಿಗೆಲ್ಲ ಗೊತ್ತಿದ್ದ ವಿಷಯ. ಇನ್ನು ದಾಕ್ಷಿಣ್ಯ? ಹೆಸರೆತ್ತಬೇಡಿ! ಡೈರಿಯ ಪಕ್ಕದ ಮನೆಯೇ ಅವರದು. ಒಂದು ದಿನ ಸ್ವಂತ ಅತ್ತೆ ತಂದ ಹಾಲಿಗೇ 'ನೀರು' ಎಂದು ಷರಾ ಬರೆದುಬಿಟ್ಟರು. ಆ ಅತ್ತೆ ತಿಂಗಳುಗಟ್ಟಲೆ ಸೊಸೆಯ ಜೊತೆ ಮಾತು ಬಿಟ್ಟಿದ್ದರು.

ನಾನಾಗ ತಿ. ನರಸೀಪುರದಲ್ಲಿ ಪಿಯುಸಿ ಓದುತ್ತಿದ್ದೆ. ಅವ್ವನಿಗೆ ಮಂಡಿನೋವು, ಹಾಗಾಗಿ ಹಾಲು ಹಾಕುವ ಕೆಲಸ ನನ್ನದು. ಹೋದವಳು ಸುಮ್ಮನೆ ಹಾಲು ಹಾಕಿ ಬರುವ ಪೈಕಿಯಲ್ಲ. ಅದ್ಯಾಕೆ, ಇದು ಹೇಗೆ ಎಂದು ಅಕ್ಕನ ತಲೆ ತಿನ್ನುತ್ತಿದ್ದೆ. ಅವರು ಬೈಯುತ್ತಲೇ ನನ್ನ ಕೈಗೆ ಲ್ಯಾಕ್ಟೋಮೀಟರು ಕೊಟ್ಟರು. ಹಾಲಿನಲ್ಲಿ ತೇಲಿಬಿಡುವ ಗಾಜಿನ ಬುರುಡೆ ಅದು. ನೀರು ಬೆರೆಸಿದ ಹಾಲಾದರೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ಎರಡು ತಿಂಗಳು ನೋಡಿದ ಮೇಲೆ ನನಗೊಂದು ಅನುಮಾನ ಬಂತು. ನೀರು ಎಂಬ ಷರಾ ಬೀಳುತ್ತಿದ್ದದ್ದೆಲ್ಲ ಡೈರಿಯ ಅಕ್ಕಪಕ್ಕದ ಮನೆಯವರಿಗೇ. ದೂರದ ತೋಟದ ಮನೆಗಳಿಂದ ಬರುವವರಿಗೆ ಒಂದೂ ಇಲ್ಲ. ಹತ್ತಿರದವರೆಲ್ಲ ಕಳ್ಳರು, ದೂರದವರೆಲ್ಲ ಸಾಚಾನಾ?

ಡೈರಿಯ ಥರ್ಮಾಮೀಟರು ಒಡೆದು ಹಳೆಯ ಮಾತಾಗಿತ್ತು, ಅಕ್ಕ ಕೈ ಮುಟ್ಟಿ ಅಂದಾಜು ಮಾಡುತ್ತಿದ್ದರು. ನಾನು ಕಾಲೇಜಿನಿಂದ ಒಂದನ್ನು ಕೇಳಿ ತಂದೆ. ಆಗ ಕರೆದ ಬಿಸಿ ಹಾಲಿನಲ್ಲಿ ಬುರುಡೆ ಆಳಕ್ಕಿಳಿಯಿತು. ಅದೇ ಹಾಲನ್ನು ಅರ್ಧ ಗಂಟೆ ಆರಲು ಇಟ್ಟು ನೋಡಿದರೆ ಮೇಲೆ ಬಂತು. ಅಕ್ಕಪಕ್ಕದ ಮನೆಗಳ ಹಾಲು ಬಿಸಿಬಿಸಿಯಾಗೇ ಬರುತ್ತಿತ್ತು, ತೋಟದ ಮನೆಗಳದು ದಾರಿಯಲ್ಲೇ ಆರಿರುತ್ತಿತ್ತು. ಅಕ್ಕ ಒಂದು ದಿನಕ್ಕೆ ನಂಬಲಿಲ್ಲ. ಹತ್ತು ದಿನ ತಾವೇ ಅಳೆದರು. ಹನ್ನೊಂದನೇ ದಿನ ಸಾಲಿನಲ್ಲಿದ್ದವರೆದುರು ರಿಜಿಸ್ಟರು ಬಿಚ್ಚಿ, "ತಪ್ಪು ನಂದು ಕಣ್ರವ್ವಾ, ನಿಮ್ ಆಲಲ್ಲಿ ನೀರಿರ್ನಿಲ್ಲ" ಎಂದು ಹೆಸರು ಓದಿ ಓದಿ ಆ ಷರಾಗಳನ್ನು ಹೊಡೆದುಹಾಕಿದರು. ಮೊದಲ ಹೆಸರು ಅತ್ತೆಯದು. ಅಂಥ ಎದೆಗಾರಿಕೆಯನ್ನು ನಾನು ಆಮೇಲೆ ದೊಡ್ಡ ದೊಡ್ಡ ವಿಜ್ಞಾನಿಗಳಲ್ಲೂ ಅಪರೂಪಕ್ಕೆ ಕಂಡಿದ್ದೇನೆ.

ಆ ವರ್ಷವೇ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಒಂದು ಸುದ್ದಿ ತಂದರು. ವಿಜ್ಞಾನಕ್ಕೆಂದೇ ಇರುವ ದೊಡ್ಡ ವಿದ್ಯಾಲಯವೊಂದು ಪಿಯುಸಿ ಪರೀಕ್ಷೆಗೂ ಮೊದಲೇ ಅರ್ಜಿ ಕರೆಯುತ್ತದೆ, ಮೊದಲ ಸುತ್ತಿನಲ್ಲಿ ಬೆರಳೆಣಿಕೆಯ ಮಕ್ಕಳನ್ನು ಆರಿಸುತ್ತದೆ, ಸಂಕ್ರಾಂತಿ ಹೊತ್ತಿಗೆ ತೀರ್ಮಾನ ಹೇಳುತ್ತದೆ. ಅಪ್ಪನಿಗೆ ನನ್ನನ್ನು ಡಿ.ಎಡ್. ಓದಿಸಿ ಊರ ಹತ್ತಿರವೇ ಮೇಡಂ ಮಾಡುವ ಆಸೆ. ಅತ್ತು ಕರೆದು ಊಟ ಬಿಟ್ಟ ಮೇಲೆ ಒಂದು ಮಾತಿಗೆ ಒಪ್ಪಿದರು. "ಸಂಕ್ರಾಂತಿಗೆ ಸೀಟಾದ್ರೆ ಓಗು. ಆಗ್ಲಿಲ್ವಾ, ಡಿ.ಎಡ್.ಗೆ ಸೇರು. ಆಮೇಲೆ ತಕರಾರು ಮಾಡ್ಕೂಡ್ದು." ಅಂದರೆ ನನಗಿದ್ದದ್ದು ಆ ಒಂದೇ ಸುತ್ತು.

ಅರ್ಜಿಯ ಜೊತೆ ಎರಡು ಶಿಫಾರಸು ಬೇಕಿತ್ತು. ಒಂದು ಮೇಷ್ಟ್ರದು. ಇನ್ನೊಂದು, ತರಗತಿಯ ಹೊರಗೆ ನನ್ನ ಕೆಲಸ ಕಂಡವರದು. ಅಕ್ಕನನ್ನು ಬಿಟ್ಟರೆ ಯಾರಿದ್ದರು? ಫಾರಂ ಕೊಟ್ಟೆ. ನಾಲ್ಕು ದಿನ ಇಟ್ಟುಕೊಂಡರು. ಐದನೇ ದಿನ ಲಕೋಟೆ ಅಂಟಿಸಿ, ಅದರ ಮೇಲೆಲ್ಲ ಸಂಘದ ಮೊಹರು ಒತ್ತಿ ಕೊಟ್ಟರು. ನಾನು ಬನ್ನೂರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಬಂದೆ.

ಕೊನೆಯ ದಿನ ಕಳೆದ ಮೇಲೆ, ಮಾತಿಗೆ ಮಾತು ಬಂದು, ಅದರಲ್ಲಿ ಏನು ಬರೆದೆ ಅಕ್ಕ ಎಂದು ಕೇಳಿದೆ.

"ಏನೂ ಬರೀನಿಲ್ಲ ಕಣವ್ವ. ಎಸ್ರು ಬರ್ದು ಸೈನ್ ಆಕಿ ಸೀಲ್ ಒತ್ತಿದ್ದೀನಿ."

ಆ ಫಾರಮ್ಮಿನಲ್ಲಿ 'ಅಭ್ಯರ್ಥಿಯ ಬಗ್ಗೆ ಷರಾ' ಎಂದು ಕೇಳಿ ಎರಡು ಪುಟ ಜಾಗ ಬಿಟ್ಟಿದ್ದರು. ಎರಡೂ ಪುಟ ಖಾಲಿ! ಉಳಿದ ಮಕ್ಕಳಿಗೆಲ್ಲ ದೊಡ್ಡ ದೊಡ್ಡವರು ಹೊಗಳಿ ಅಟ್ಟಕ್ಕೇರಿಸಿರುತ್ತಾರೆ, ನನ್ನದು ಬೋಳು ಕಾಗದ. ಅಕ್ಕನಿಗೆ ನಾನೇಕೆ ಗಾಬರಿಯಾದೆನೆಂದೇ ಅರ್ಥವಾಗಲಿಲ್ಲ. "ಬರ್ಯಕ್ಕೆ ನಿನ್ನಲ್ಲಿ ಏನ್ ಐಬಿತ್ತು?" ಎಂದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಹಾಲು ಅಳೆಯುವವರಿಗೆ ಓದಿನ ಬೆಲೆ ಏನು ಗೊತ್ತು ಎಂದುಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅಕ್ಕ ತಲೆ ತಗ್ಗಿಸಿ ಮುಂದಿನ ಕ್ಯಾನಿಗೆ ಕೈ ಹಾಕಿದರು... ಆ ಮಾತು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಮಾರನೇ ದಿನದಿಂದ ಹಾಲು ಹಾಕಲು ತಮ್ಮನನ್ನು ಕಳಿಸಿದೆ.

ಡಿ.ಎಡ್. ಗ್ಯಾರಂಟಿ ಎಂದು ಮನಸ್ಸು ಕಲ್ಲು ಮಾಡಿಕೊಂಡಿದ್ದಾಗ ಸಂದರ್ಶನಕ್ಕೆ ಕರೆ ಬಂತು. ಅಪ್ಪನ ಜೊತೆ ಹೋದೆ. ಒಳಗೆ ಮೂವರು ಕೂತಿದ್ದರು. ಮೇಜಿನ ಮೇಲೆ ನನ್ನ ಖಾಲಿ ಫಾರಂ. ಅವರಲ್ಲೊಬ್ಬರು ಕನ್ನಡದವರು, ವಯಸ್ಸಾದವರು, ನಗುತ್ತಾ ಹೇಳಿದರು. ಫಾರಂ ತುಂಬಲು ಮರೆತರೇನೋ ಎಂದು ಮೊಹರಿನಲ್ಲಿದ್ದ ನಂಬರಿಗೆ ಅವರೇ ಫೋನ್ ಮಾಡಿದ್ದರಂತೆ. ಡೈರಿ ಅಕ್ಕ ಅವರನ್ನೇ ತರಾಟೆಗೆ ತೆಗೆದುಕೊಂಡಿದ್ದರು. "ಷರಾ ಇಲ್ಲ ಅಂದ್ಮೇಲೆ ಎಲ್ಲಾ ಸರಿಯಾಗದೆ ಅಂತ ಅಲ್ವಾ ಸಾ? ಅಷ್ಟು ದೊಡ್ ಕಾಲೇಜ್ ಇಟ್ಕೊಂಡು ಅಷ್ಟೂ ತಿಳ್ಯಾಕಿಲ್ವಾ? ನಮ್ ಅತ್ತೇನೇ ಬಿಟ್ಟೋಳಲ್ಲ ನಾನು, ಈ ಉಡ್ಗಿಗೆ ಎರಡು ಪುಟ ಖಾಲಿ ಬಿಟ್ಟಿವ್ನಿ!"

ಆಮೇಲೆ ಸಾಲು ಕಾಯಿಸಿ, ಥರ್ಮಾಮೀಟರಿನ ಕಥೆಯನ್ನೆಲ್ಲ ಕೂತು ಹೇಳಿದರಂತೆ. ತಮ್ಮ ತಪ್ಪು ಷರಾಗಳನ್ನು ನಾನು ಹಿಡಿದದ್ದನ್ನೂ ಮುಚ್ಚಿಡದೆ. ಅಷ್ಟೊತ್ತಿಗಾಗಲೇ ನಾನು ಅವರನ್ನು ಊರೆದುರು ಅವಮಾನ ಮಾಡಿಯಾಗಿತ್ತು. ಅದೊಂದನ್ನು ಮಾತ್ರ ಆ ಪ್ರೊಫೆಸರಿಗೆ ಅಕ್ಕ ಹೇಳಿರಲಿಲ್ಲ.

ಅಂದು ಮುಕ್ಕಾಲು ಗಂಟೆ ಅವರು ಬಿಸಿ ಹಾಲು, ತಣ್ಣನೆ ಹಾಲಿನ ಬಗ್ಗೆಯೇ ಕೇಳಿದರು. ನಾನು ಪಟಪಟ ಹೇಳಿದೆ. ಸಂಕ್ರಾಂತಿಗೆ ಎರಡು ದಿನ ಮೊದಲು ಸೀಟಾದ ಸುದ್ದಿ ಬಂತು. ಅಪ್ಪ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಹೇಳಿದರು. ನಾನು ಓಡಿದ್ದು ಡೈರಿಗೆ. ಕ್ಷಮಿಸು ಅಕ್ಕ ಎನ್ನಲು ಬಾಯಿ ತೆರೆದರೆ, "ಗೊತ್ತು ಬುಡವ್ವ, ಸಾಲಿಗೆ ಅಡ್ಡ ನಿಂತ್ಕೋಬ್ಯಾಡ" ಎಂದರು. ಆದರೆ ಅವತ್ತು ಅವರ ಮುಖ ಊರಗಲ ಆಗಿತ್ತು. ಆ ಹೆಮ್ಮೆಗೆ ನಾನು ಕಾರಣ ಎನ್ನುವುದು ನನ್ನ ಹೆಮ್ಮೆ.

ಮರುವರ್ಷ ರಜೆಗೆ ಹೋದಾಗ ಡೈರಿಯ ಕರಿಹಲಗೆ ನೋಡಿ ಬೆರಗಾದೆ. ಕಾಲುಬಾಯಿ ಜ್ವರದ ಲಸಿಕೆಯ ದಿನದ ಕೆಳಗೆ ನಮ್ಮ ವಿದ್ಯಾಲಯದ ಹೆಸರು, ಮೊದಲ ಸುತ್ತಿನ ಅರ್ಜಿಗೆ ಕೊನೆಯ ದಿನ! ಮಕ್ಕಳಿಗೆ ಗೊತ್ತಾಗುವುದು ತಡವಾಗಬಾರದು ಎಂದು ಅವರದೇ ಯೋಚನೆ. ಅಲ್ಲಿಂದ ಪ್ರತಿ ವರ್ಷ ನನಗೆ ಫೋನ್ ಮಾಡಿ ದಿನಾಂಕ ಕೇಳಿ ಬರೆಯುತ್ತಿದ್ದರು. ಆ ಹಲಗೆ ನೋಡಿ ಅರ್ಜಿ ಹಾಕಿದ ಇಬ್ಬರು ಹುಡುಗಿಯರು ನನ್ನ ಹಿಂದೆಯೇ ಬಂದು ಸೇರಿದರು. ಒಂದು ಸಲ ಫೋನಿನಲ್ಲಿ ಅಕ್ಕನ ದನಿ ತೀರಾ ಸಣ್ಣದಾಗಿತ್ತು. ನಾನು ಯಾವುದೋ ಕೆಲಸದಲ್ಲಿದ್ದೆ. ಸಂಜೆ ಹೇಳ್ತೀನಿ ಅಕ್ಕ ಎಂದೆ. ಮರೆತೆ... ಅವರು ಮೈಸೂರಿನ ಆಸ್ಪತ್ರೆಯ ಮಂಚದಿಂದ ಮಾಡಿದ ಫೋನು ಅದು ಎಂದು ನನಗೆ ತಿಳಿದದ್ದು ಮಣ್ಣು ಮಾಡಿ ಮೂರು ದಿನವಾದ ಮೇಲೆ.

ಮೊನ್ನೆ ಆ ಬಾಟಲಿಯ ಮುಚ್ಚಳ ಹಾಕಿ ಹೊರಗೆ ಬಂದವಳು ನೇರ ನಮ್ಮೂರ ಡೈರಿಗೆ ಫೋನ್ ಹಚ್ಚಿದೆ. ಈಗಿನ ಕಾರ್ಯದರ್ಶಿ ಚಿಕ್ಕ ವಯಸ್ಸಿನವಳು, ನನ್ನ ಮುಖ ನೋಡಿದವಳಲ್ಲ. ಹೆಸರು ಹೇಳಿ, ಈ ವರ್ಷದ ಕೊನೆಯ ದಿನ ಇಂಥದ್ದು, ಹಲಗೆಗೆ ಬರೆಯಮ್ಮ ಎಂದೆ. ಯಾರೂ ಕೇಳದಿದ್ದರೂ ಎರಡು ಸಲ ಹೇಳಿದೆ.

"ಬರ್ಕೊಂಡೆ ಅಕ್ಕ" ಎಂದಳು.

ಫೋನಿಟ್ಟು ವರಾಂಡದಲ್ಲೇ ನಿಂತು ಅತ್ತುಬಿಟ್ಟೆ.