ಅದು ಹಾಕೋದಕ್ಕಲ್ಲ ಎಂದಿದ್ದಕ್ಕೆ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಗಡಿಯಲ್ಲಿ ಗುಂಡಿನ ಸದ್ದು ಜೋರಾಗಿದ್ದ ವಾರ ನನ್ನ ಪಾಠ ಅಣ್ವಸ್ತ್ರಗಳದ್ದೇ ಆಗಿತ್ತು. ಟಿವಿ ನೋಡಿ ನೋಡಿ ಹುಡುಗರು ಕಾವೇರಿದ್ದರು. "ಒಂದು ಬಾಂಬು ಹಾಕಿಬಿಟ್ರೆ ಮುಗ್ದೇ ಹೋಯ್ತಲ್ಲ ಮೇಡಂ, ಎಂತಕ್ಕೆ ಕಾಯ್ತಿದಾರೆ?" ಎಂದ ಒಬ್ಬ.

"ಅದು ಹಾಕೋದಕ್ಕಲ್ಲ" ಎಂದೆ. ನಾವು ಹಾಕಿದರೆ ಅವರೂ ಹಾಕುತ್ತಾರೆ, ಆಮೇಲೆ ಗೆದ್ದವರೆಂದು ಯಾರೂ ಉಳಿಯುವುದಿಲ್ಲ, ಆ ಹೆದರಿಕೆ ಎರಡೂ ಕಡೆ ಇರಲಿ ಎಂದೇ ಇಟ್ಟುಕೊಳ್ಳುವುದು ಎಂದು ವಿವರಿಸಿದೆ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಕೈ ಎತ್ತಿದಳು. "ಉಕ್ರೇನ್‌ನವ್ರು ತಮ್ಮಲ್ಲಿದ್ದ ಬಾಂಬನ್ನ ಬಿಟ್ಟುಕೊಟ್ರಲ್ಲ ಮೇಡಂ, ಈಗ ನೋಡಿ, ಪಕ್ಕದ ದೇಶ ನುಗ್ಗಿದೆ." ಹೌದು, ಅದನ್ನು ಕಂಡ ಮೇಲೆ ಯಾವ ದೇಶಕ್ಕೂ ಬಿಡುವ ಧೈರ್ಯ ಬರುವುದಿಲ್ಲ ಎಂದೆ. ಪಾಠ ಚೆನ್ನಾಗಾಯಿತೆಂದು ಖುಷಿಯಲ್ಲೇ ಹೊರಬಂದೆ.

ಮರುದಿನ ಪ್ರಿನ್ಸಿಪಾಲರು ಕರೆಸಿ ಫೋನ್ ಮುಂದೆ ಹಿಡಿದರು. ತರಗತಿಯಲ್ಲಿ ಯಾರೋ ಕದ್ದು ತೆಗೆದ ವಿಡಿಯೊ. "ಅದು ಹಾಕೋದಕ್ಕಲ್ಲ" ಎಂಬಲ್ಲಿಗೆ ನನ್ನ ಮಾತನ್ನು ತುಂಡು ಮಾಡಿದ್ದರು. ನಮ್ಮ ಬಾಂಬು ದಂಡ ಎಂದು ಪಾಠ ಹೇಳುತ್ತಾರೆ ಎಂಬ ಬರಹ ಬೇರೆ. ಪೋಷಕರ ಗ್ರೂಪಿನಲ್ಲೆಲ್ಲ ಹರಿದಾಡಿತ್ತು. ಏಕೆ ಇಟ್ಟುಕೊಳ್ಳುತ್ತಾರೆಂದು ಬಿಡಿಸಿ ಹೇಳಿದವಳೇ ಬಾಂಬೇ ಬೇಡ ಎಂದವಳಾಗಿದ್ದೆ.

"ಪೂರ್ತಿ ಏನು ಹೇಳಿದೆ ಅಂತ ಕೇಳಿ ಸರ್."

"ಅಷ್ಟು ಪುರಸೊತ್ತು ಯಾರಿಗಿದೆ ಮೇಡಂ?"

ಅಷ್ಟರಲ್ಲಿ ಆ ಕಿಟಕಿ ಪಕ್ಕದ ಹುಡುಗಿಯ ತಂದೆ ಒಳಬಂದರು. ಪಕ್ಕದ ಅರಳಸುರಳಿ ಊರಿನವರು, ಸೈನ್ಯದಿಂದ ನಿವೃತ್ತರಾದವರು. ಬೈಸಿಕೊಳ್ಳಲು ಸಿದ್ಧಳಾಗಿ ಕುಳಿತೆ.

"ಮಗಳು ಎಲ್ಲ ಹೇಳಿದ್ಲು. ನೀವು ಹೇಳಿದ್ರಲ್ಲಿ ಎಂತ ತಪ್ಪೂ ಇಲ್ಲ" ಎಂದರು. ಹೋದ ಜೀವ ಬಂದಂತಾಯಿತು. "ಆದ್ರೆ ಹೇಳ್ಬಾರ್ದಿತ್ತು ಮೇಡಂ."

"ಎಂತಕ್ಕೆ?"

"ಇವ್ರು ಹಾಕೇ ಹಾಕ್ತಾರೆ ಅಂತ ಆ ಕಡೆಯವ್ರು ನಂಬಿದ್ರೆ ತಾನೇ ಹೆದ್ರೋದು? ಹಾಕೋದಕ್ಕಲ್ಲ ಅಂತ ನಾವೇ ಹೇಳ್ತಾ ಕೂತ್ರೆ ಇದ್ದೂ ಇಲ್ದಂಗೆ."

"ಹಂಗಂತ ನಮ್ಮ ಮಕ್ಕಳಿಗೂ ಅದನ್ನೇ ನಂಬಿಸ್ಬೇಕಾ? ನಾಳೆ ಇವ್ರೇ ಬೀದಿಗೆ ಬಂದು ಹಾಕಿ ಹಾಕಿ ಅಂತ ಕೂಗಿದ್ರೆ?"

ಅವರು ಕುರ್ಚಿ ಎಳೆದು ಕುಳಿತರು. "ಅದು ಗೊತ್ತಿಲ್ಲ ಮಾರಾಯ್ರೆ. ಆ ಹೆದರಿಕೆ ಇದ್ದಿದ್ದಕ್ಕೇ ನಾನು ಗಡಿಯಿಂದ ಜೀವ ಉಳಿಸ್ಕೊಂಡು ಬಂದೆ ಅಂದ್ಕೊಂಡಿದೀನಿ. ಹೌದೋ ಅಲ್ವೋ, ಯಾರನ್ನ ಕೇಳೋದು?"

ಅವರು ಹೋದ ಮೇಲೆ ಪ್ರಿನ್ಸಿಪಾಲರು, "ಆ ಪಾಠಕ್ಕೆ ನೋಟ್ಸ್ ಕೊಟ್ಟು ಮುಗಿಸಿ, ಚರ್ಚೆ ಬೇಡ" ಎಂದರು. ಸಿಟ್ಟಿನಲ್ಲೇ ನೋಟ್ಸ್ ಬರೆಸಿದೆ. ಹಾಕಿಬಿಟ್ರೆ ಮುಗ್ದೇ ಹೋಯ್ತು ಎಂದಿದ್ದ ಹುಡುಗನೂ ತಲೆ ತಗ್ಗಿಸಿ ಬರೆದುಕೊಂಡ. ಅವನ ಮನಸ್ಸಿನಲ್ಲಿ ಏನೂ ಬದಲಾಗಿರಲಿಲ್ಲವೆಂದು ನನಗೆ ಗೊತ್ತಿತ್ತು.

ಕೆಲವು ದಿನಗಳಲ್ಲಿ ಗಡಿ ತಣ್ಣಗಾಯಿತು. ಸ್ಟಾಫ್ ರೂಮಿನಲ್ಲಿ ಒಬ್ಬರು, ಬಾಂಬು ಇದ್ದಿದ್ದಕ್ಕೇ ಇಷ್ಟಕ್ಕೆ ನಿಂತಿತು ಎಂದರು. ಇನ್ನೊಬ್ಬರು, ಇದ್ದೂ ಗುಂಡು ಹಾರಿತಲ್ಲ ಎಂದರು. ಮಕ್ಕಳ ಮುಂದೆ ಇಡಬೇಕಾದ ಚರ್ಚೆಯೇ ಅದು. ಬೆಲ್ ಹೊಡೆಯಿತು. ಎದ್ದು ಹೋಗಿ ಮುಂದಿನ ಪಾಠ, ಪಂಚಾಯತ್ ರಾಜ್, ಶುರು ಮಾಡಿದೆ.