ಕಟಿಂಗ್ ಮಾಸ್ತರನ ಹಾಯಿದೋಣಿ

ಬಳ್ಳಾರಿಯ ಪಾರ್ವತಿನಗರದಲ್ಲಿ ಕೊಟ್ರಬಸಪ್ಪ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಕಟಿಂಗ್ ಮಾಸ್ತರ ಅನ್ನಬೇಕು. ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಮೂವತ್ತು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದಾನೆ. ದೇಶದ ಅರ್ಧ ಜನರ ಕುಂಡಿ ಮುಚ್ಚಿದವನು ತಾನೇ ಎಂಬ ಜಂಬ ಅವನಿಗಿದೆ, ಇರಲಿ ಬಿಡಿ.

ಅವನ ರೋಗ ಬೇರೆ. ಯಾವ ಕೆಲಸಕ್ಕೆ ಕೈ ಹಾಕಿದರೂ ಹೆಂಡತಿ ಅಕ್ಕನಾಗಮ್ಮ ಪಕ್ಕದಲ್ಲಿ ನಿಂತಿರಬೇಕು. ಫ್ಯಾನು ಬಿಚ್ಚಿದರೆ ಏಣಿ ಹಿಡಿಯಬೇಕು, ಗೋಡೆ ಅಳೆದರೆ ಟೇಪಿನ ಇನ್ನೊಂದು ತುದಿ ಹಿಡಿಯಬೇಕು, ನಲ್ಲಿ ರಿಪೇರಿಗೆ ಕೂತರೆ ಟಾರ್ಚು ಹಿಡಿಯಬೇಕು. ಹಿಡಿದದ್ದು ಚೂರು ಅಲ್ಲಾಡಿದರೆ ಬೈಗುಳ. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಪಡಸಾಲೆಯಿಂದ ಕೂಗು ಬರುತ್ತಿತ್ತು: "ಏಯ್, ಬಂದು ಇದನ್ನ ಹಿಡ್ಕೊ!" ಇಪ್ಪತ್ತಾರು ವರ್ಷದ ಸಂಸಾರವೆಲ್ಲ ಹೀಗೇ ನಡೆದಿತ್ತು.

ಇಂಥವನ ಕಣ್ಣಿಗೆ ಕುರುಗೋಡಿನ ಗುಜರಿ ಅಂಗಡಿಯಲ್ಲಿ ಒಂದು ಹಾಯಿದೋಣಿ ಬಿತ್ತು. ಫೈಬರಿನದು, ಹದಿಮೂರು ಅಡಿ, ಯಾವುದೋ ಮುಚ್ಚಿಹೋದ ರೆಸಾರ್ಟಿನದಂತೆ. ಒಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಕೋಳಿಯನ್ನು ಎಬ್ಬಿಸಿ, ದೋಣಿಯನ್ನು ಮಿನಿ ಲಾರಿಗೆ ಹೇರಿಸಿ, ಸಿರುಗುಪ್ಪ ದಾಟಿಸಿ, ಅತ್ತೆಯ ಊರಾದ ಕೆಂಚನಗುಡ್ಡದ ಹೊಳೆದಂಡೆಗೆ ತಂದು ಇಳಿಸಿದ. ಮನೆಯವರನ್ನು ಕೂರಿಸಿಕೊಂಡು ತುಂಗಭದ್ರೆಯಲ್ಲಿ ಸುತ್ತಾಡಬೇಕು ಎಂಬುದು ಅವನ ಹೊಸ ಹುಚ್ಚು.

"ಬರ್ತೀನ್ರಿ," ಅಂದಳು ಅಕ್ಕನಾಗಮ್ಮ. "ಆದ್ರ ಒಂದು ಹಗ್ಗಾನೂ ಮುಟ್ಟಂಗಿಲ್ಲ ನಾನು. ನೀರಾಗ ಒಂದೇ ಒಂದ್ಸಲ ಹಿಡ್ಕೊ ಅಂದ್ರೋ, ದಂಡಿಗೆ ಬಂದ ಕೂಡ್ಲೆ ಈ ದೋಣಿ ನಮ್ಮವ್ವನ ಎಮ್ಮಿ ನೀರು ಕುಡಿಯೋ ಬಾನಿ ಆಗ್ತೈತಿ."

ಅತ್ತೆ ಗಾದೆಮ್ಮನ ಎದುರಿಗೇ ಮಾಸ್ತರ ಹೂಂ ಅಂದುಬಿಟ್ಟ.

ಆಮೇಲೆ ತಿಳಿಯಿತು ಅದರ ಕಷ್ಟ. ಹಾಯಿ ಏರಿಸಲು ಒಬ್ಬ ಕಂಬದ ಬುಡಕ್ಕೆ ಹೋಗಬೇಕು, ಅಷ್ಟೊತ್ತು ಇನ್ನೊಬ್ಬ ಚುಕ್ಕಾಣಿ ನೋಡಿಕೊಳ್ಳಬೇಕು. ಈ ದೋಣಿಯಲ್ಲಿ ಇನ್ನೊಬ್ಬ ಎಂಬುವನೇ ಇಲ್ಲ. ಗಾಂಧಿನಗರದ ವೆಲ್ಡರ್ ನಾಸಿರ್‌ನಿಂದ ಕಂಬದ ಬುಡಕ್ಕೆ ಸಣ್ಣ ಸಣ್ಣ ರಾಟೆ ಹಾಕಿಸಿ, ಹಗ್ಗಗಳನ್ನೆಲ್ಲ ಹಿಂದಿನ ಸೀಟಿಗೆ ಎಳೆದು ತಂದ. ಹಾಯಿ ಏರಿಸಲು ಬಿಳಿಯದು, ಇಳಿಸಲು ಕೆಂಪು, ಗಾಳಿಗೆ ತಕ್ಕಂತೆ ಬಿಗಿಮಾಡಿ ಸಡಿಲಿಸಲು ನೀಲಿ.

"ಮಾಸ್ತರ್ರೇ, ಭಾಬಿ ಕೈಯಾಗ ಒಂದು ಹಗ್ಗ ಕೊಟ್ಟಿದ್ರ ಇಷ್ಟು ಪಂಚಾಯ್ತಿನ ಇರ್ತಿದ್ದಿಲ್ಲಲ್ರಿ?" ಅಂದ ನಾಸಿರ್.

"ಅದೊಂದು ಬಿಟ್ಟು ಬ್ಯಾರೆ ಏನಾರ ಹೇಳಲೇ!"

ಫೋನಿನಲ್ಲಿ ವಿಡಿಯೋ ನೋಡಿಕೊಂಡು, ಹಳೆಯ ಹರಕು ಹಾಯಿಯಲ್ಲೇ ನಾಲ್ಕು ಭಾನುವಾರ ಒಬ್ಬನೇ ದೋಣಿ ಬಿಟ್ಟ. ಎರಡು ಸಲ ಮುಳುಗಿ ಎದ್ದ, ಅದನ್ನು ಮನೆಯಲ್ಲಿ ಹೇಳಲಿಲ್ಲ. ಕೊನೆಗೆ ಹಳೆಯ ಹಾಯಿಯನ್ನು ಮೇಜಿನ ಮೇಲೆ ಹರವಿ, ಅದರ ಅಳತೆಗೆ ಪಾಲಿಯೆಸ್ಟರ್ ಬಟ್ಟೆ ಕತ್ತರಿಸಿ, ಜೀನ್ಸಿನ ಹಳದಿ ದಾರದಲ್ಲೇ ಎರಡೆರಡು ಹೊಲಿಗೆ ಹಾಕಿ ಹೊಸದನ್ನು ಹೊಲಿದ.

ಕಾರ್ತಿಕದ ಒಂದು ಬೆಳಿಗ್ಗೆ ಮೂವರೂ ಹತ್ತಿದರು. ಗಾದೆಮ್ಮ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಎಲೆಅಡಿಕೆ ಚೀಲ ಸಮೇತ ನಡುವೆ ಕೂತಳು. ಹುಟ್ಟು ಹಾಕಿ ಹೊಳೆಯ ಮಧ್ಯಕ್ಕೆ ಹೋಗಿ ಮಾಸ್ತರ ಬಿಳಿ ಹಗ್ಗ ಎಳೆದ. ಹಾಯಿ ಕಂಬದ ತುದಿ ಮುಟ್ಟಿತು. ಆದರೆ ಹಾಯಿಯ ಕೆಳಅಂಚಿಗೆ ಕಟ್ಟಿದ ಅಡ್ಡಪೈಪು ಎಲ್ಲಿರಬೇಕೋ ಅಲ್ಲಿರದೆ ಆರಿಂಚು ಕೆಳಗೆ, ಸರಿಯಾಗಿ ಹೆಂಗಸರ ತಲೆಯ ಮಟ್ಟಕ್ಕೆ ಜೋತುಬಿದ್ದಿತ್ತು.

ಜೀನ್ಸ್ ಬಟ್ಟೆ ತೊಳೆದರೆ ಕುಗ್ಗುತ್ತದೆ, ಅದಕ್ಕೇ ಕಟಿಂಗ್ ಮಾಸ್ತರರು ಗಜಕ್ಕೆ ಒಂದೂವರೆ ಇಂಚು ಜಾಸ್ತಿ ಬಿಡುತ್ತಾರೆ. ಕೊಟ್ರಬಸಪ್ಪನ ಕೈ ಅವನನ್ನೂ ಒಂದು ಮಾತು ಕೇಳದೆ ಹಾಯಿಗೂ ಅಷ್ಟೇ ಬಿಟ್ಟಿತ್ತು. ಪಾಲಿಯೆಸ್ಟರ್ ಎಲ್ಲಿಂದ ಕುಗ್ಗಬೇಕು?

"ತಲಿ ಬಗ್ಗಿಸ್ರಿ!" ಎಂದು ಅವನು ಅರಚುವಷ್ಟರಲ್ಲಿ ಗಾಳಿ ತಿರುಗಿತು. ಪೈಪು ರೊಯ್ಯನೆ ಬೀಸಿ ಗಾದೆಮ್ಮನ ತುರುಬನ್ನು ಸವರಿಕೊಂಡು ಹೋಯಿತು.

"ಅಳಿಯಂದ್ರ, ನಾನೇನು ಆಸ್ತಿ ಬರದುಕೊಡಂಗಿಲ್ಲ ಅಂದಿದ್ನೇನು?" ಅಂದಳು ಮುದುಕಿ.

ದೋಣಿ ವಾಲಿತು. ಮಾಸ್ತರನ ಬಲಗೈಯಲ್ಲಿ ಚುಕ್ಕಾಣಿ, ಎಡಗೈಯಲ್ಲಿ ನೀಲಿ ಹಗ್ಗ. ಯಾರಾದರೂ ಎರಡು ನಿಮಿಷ ಆ ಪೈಪನ್ನು ಎತ್ತಿ ನಿಂತರೆ ಸಾಕು, ಮಿಕ್ಕ ಬಟ್ಟೆ ಸುತ್ತಿ ಕಟ್ಟಿಬಿಡಬಹುದು. ಹಿಡ್ಕೊ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಗಾದೆಮ್ಮನೇ ಪೈಪಿಗೆ ಕೈ ಚಾಚಿದಳು. ಅಕ್ಕನಾಗಮ್ಮ ತಾಯಿಯ ಕೈಮೇಲೆ ಫಟ್ಟನೆ ಹೊಡೆದಳು.

"ಮುಟ್ಟಬ್ಯಾಡ ಯವ್ವಾ! ಇದು ಅವರದು, ಅವರ ಮಾಡ್ಲಿ."

ಮಾಸ್ತರ ನೀಲಿ ಹಗ್ಗ ಕೈಬಿಟ್ಟು ಕೆಂಪನ್ನು ಎಳೆದ. ನಾಸಿರ್‌ನ ರಾಟೆಗಳು ಕಿರ್ರೆಂದವು, ಇಡೀ ಹಾಯಿ ಸರ್ರನೆ ಇಳಿದು ಅತ್ತೆಯ ಮೇಲೆ ಬಿತ್ತು. ಒಳಗಿನಿಂದ ಗೊಣಗಾಟ ಕೇಳಿಸುತ್ತಿದ್ದುದರಿಂದ ಆಕೆಗೇನೂ ಆಗಿಲ್ಲವೆಂದು ಗೊತ್ತಾಯಿತು. ಅವನು ಹುಟ್ಟು ತೆಗೆದುಕೊಂಡು ದಂಡೆಯ ಕಡೆ ಹಾಕತೊಡಗಿದ. ಮೂವರ ಭಾರ, ಎದುರು ಗಾಳಿ. ಅಂಗೈಯಲ್ಲಿ ಬೊಬ್ಬೆ ಎದ್ದವು, ಬೆವರು ಕಣ್ಣಿಗಿಳಿಯಿತು.

ಎದುರಿಗೆ ಅಕ್ಕನಾಗಮ್ಮ ಕೂತಿದ್ದಳು. ಒಂದು ಕೈ ಮಡಿಲಲ್ಲಿ, ಇನ್ನೊಂದನ್ನು ಸುಮ್ಮನೆ ನೀರಿಗೆ ಬಿಟ್ಟಿದ್ದಳು. ಹೊಳೆ ನೋಡುತ್ತಿದ್ದಳು, ಗುಡ್ಡ ನೋಡುತ್ತಿದ್ದಳು, ಅವನನ್ನಂತೂ ನೋಡುತ್ತಿರಲಿಲ್ಲ. ಈಕೆಯ ಎರಡೂ ಕೈ ಖಾಲಿ ಇದ್ದದ್ದನ್ನು ತಾನು ಯಾವತ್ತು ಕಂಡಿದ್ದೆ ಎಂದು ಅವನು ನೆನಪು ಮಾಡಿಕೊಳ್ಳಲು ನೋಡಿದ. ಒಂದು ದಿನವೂ ನೆನಪಾಗಲಿಲ್ಲ. ಅವನಿಗೆ ನಾಚಿಕೆಯಾಯಿತು.

ದಂಡೆ ಇನ್ನು ಹತ್ತು ಮಾರು ಇತ್ತು. ಅಕ್ಕನಾಗಮ್ಮ ತಿರುಗಿದಳು.

"ಇಷ್ಟು ಜಲ್ದಿ ಯಾಕ್ರಿ ದಂಡಿಗೆ ಹೊಂಟ್ರಿ? ಇನ್ನಾ ಸ್ವಲ್ಪ ದೂರ ಹೋಗೂಣು."

ಕೊಟ್ರಬಸಪ್ಪ ಅಂಗೈಗೆ ಟವಲು ಸುತ್ತಿಕೊಂಡು ದೋಣಿ ತಿರುಗಿಸಿದ.