ಸರಸಮ್ಮ ತೊಳೆದ ಕಲ್ಲುಗಳು

ಕಲ್ಯದ ಸರಸಮ್ಮನ ರೇಷ್ಮೆ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇರುತ್ತದೆ. ಯಾರೇ ಬರಲಿ, ಅದರಲ್ಲಿ ಕಾಲು ಅದ್ದಿ, ಕೈ ತೊಳೆದೇ ಒಳಗೆ ಹೋಗಬೇಕು. ನಾನು ಮಾಗಡಿಯ ಕರೆಂಟು ಕೆಲಸದವನು. ಒಮ್ಮೆ ಫ್ಯಾನು ರಿಪೇರಿಗೆ ಹೋದಾಗ ನನ್ನ ಸ್ಕ್ರೂಡ್ರೈವರನ್ನೂ ತೊಳೆಸಿದರು. ತೊಳೆಯದೆ ಹೋಗುವುದಾದರೆ ಫ್ಯಾನು ತಿರುಗುವುದೇ ಬೇಡ ಅಂದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುವ ಗಾದೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ಇಲ್ಲಿ ಕೈ ಕೆಸರಾದರೆ ಮೊದಲು ಸೋಪು ಅಂತ ಅವರ ಯಜಮಾನರು ತಿಮ್ಮಯ್ಯ ತಮಾಷೆ ಮಾಡುತ್ತಾರೆ. ಸರಸಮ್ಮ ನಗುವುದಿಲ್ಲ.

ನಗದೆ ಇರುವುದಕ್ಕೂ ಕಾರಣವಿದೆ. ಮೂವತ್ತೊಂದು ವರ್ಷದಿಂದ ಅವರು ರೇಷ್ಮೆ ಹುಳು ಸಾಕುತ್ತಿದ್ದಾರೆ. ಸುತ್ತಮುತ್ತ ಎಲ್ಲರ ಮನೆಯಲ್ಲೂ ಯಾವುದಾದರೂ ವರ್ಷ ರೋಗ ಬಂದು ತಟ್ಟೆತಟ್ಟೆಯೇ ತಿಪ್ಪೆಗೆ ಹೋಗಿದೆ, ಇವರ ಮನೆಯಲ್ಲಿ ಒಂದು ಬೆಳೆಯೂ ಕೆಟ್ಟಿಲ್ಲ. ಒಂದು ಬೆಳೆ ಮುಗಿದ ತಕ್ಷಣ ತಟ್ಟೆ, ಬಲೆ, ಗೋಡೆ, ನೆಲ ಎಲ್ಲ ಉಜ್ಜಿ, ಬ್ಲೀಚಿಂಗ್ ಹೊಡೆದು, ಬಿಸಿಲಿಗೆ ಒಣಗಿಸಿ, ಆಮೇಲೇ ಹೊಸ ಹುಳು. ಸಪ್ಪಗಾದ ಹುಳು ಒಂದು ಕಂಡರೂ ಹೆಕ್ಕಿ ಸುಣ್ಣದ ಡಬ್ಬಿಗೆ ಹಾಕುತ್ತಾರೆ. ಆ ಕೈ ಹಿಂದೆಮುಂದೆ ನೋಡಿದ್ದನ್ನು ನಾನು ಕಂಡಿಲ್ಲ. ಇದನ್ನೆಲ್ಲ ನೋಡಿ ಕಲಿಯಲಿ ಅಂತ ರೇಷ್ಮೆ ಇಲಾಖೆಯವರು ಬೇರೆ ಊರಿನ ಹೆಂಗಸರನ್ನು ವ್ಯಾನಿನಲ್ಲಿ ಕರೆದುಕೊಂಡು ಬರುತ್ತಾರೆ. ಆ ದಿನ ಸರಸಮ್ಮ ಒಳ್ಳೆಯ ಸೀರೆ ಉಡುತ್ತಾರೆ.

ಇಂಥ ಮನೆಗೆ ಸಮುದ್ರದ ನೀರಿನ ಮೀನಿನ ತೊಟ್ಟಿ ಬಂದದ್ದು ಮೆಹಬೂಬ್‌ನಿಂದ. ಅವನದು ರಾಮನಗರದಲ್ಲಿ ಅಕ್ವೇರಿಯಂ ಅಂಗಡಿ. ಅವನ ಅಪ್ಪ ನೂಲು ತೆಗೆಸುವವರು, ತಿಮ್ಮಯ್ಯನವರ ಗೂಡನ್ನು ಮಾರ್ಕೆಟ್ಟಿನ ಹರಾಜಿನಲ್ಲಿ ಎಷ್ಟೋ ಸಲ ಕೊಂಡವರು. ಏಳು ವರ್ಷದ ಹಿಂದೆ ಒಂದು ರೆಸಾರ್ಟು ಮುಚ್ಚಿದಾಗ ಅಲ್ಲಿದ್ದ ಎರಡಡಿಯ ತೊಟ್ಟಿಯನ್ನು ಎಲ್ಲಿಡುವುದು ಅಂತ ಅವನಿಗೆ ತಿಳಿಯಲಿಲ್ಲ. ಸೊಳ್ಳೆಬತ್ತಿ, ಊದುಬತ್ತಿ, ಕೀಟನಾಶಕ ಯಾವುದರ ವಾಸನೆಯೂ ಇಲ್ಲದ ಮನೆ ಬೇಕಿತ್ತು. ಅಂಥ ವಾಸನೆಗೆ ರೇಷ್ಮೆ ಹುಳುವೂ ಸಾಯುತ್ತದೆ. ಹುಳು ಸಾಕುವ ಮನೆಗಿಂತ ಅಂಥದ್ದು ಇನ್ಯಾವುದು ಸಿಗುತ್ತದೆ? ಹದಿನೈದು ದಿನ ಇರಲಿ ಅಂತ ನಡುಮನೆಯಲ್ಲಿ ಇಟ್ಟು ಹೋದ. ಮತ್ತೆ ಕೇಳಲು ಬಂದಾಗ ಸರಸಮ್ಮ ಕೊಡಲಿಲ್ಲ.

ಅದರಲ್ಲಿ ಒಂದಷ್ಟು ಸಮುದ್ರದ ಕಲ್ಲು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಕಲ್ಲಿಗೆ ಅಂಟಿಕೊಂಡ ಒಂದು ಅನಿಮೋನ್ ಇದ್ದವು. ಅನಿಮೋನ್ ನೋಡಲು ಹೂವು, ಅಸಲಿಗೆ ಪ್ರಾಣಿ. ಸರಸಮ್ಮ ಅದನ್ನು ಹೂವು ಅಂತಲೇ ಕರೆಯುತ್ತಿದ್ದರು. ಮೀನುಗಳು ಅದರ ಎಸಳುಗಳ ನಡುವೆಯೇ ಮಲಗುತ್ತಿದ್ದವು. ಸಿಗಡಿಯ ಚೂರು ಹಾಕಿದರೆ ದೊಡ್ಡ ಮೀನು ತಾನು ತಿನ್ನದೆ ಕಚ್ಚಿಕೊಂಡು ಹೋಗಿ ಹೂವಿಗೆ ಕೊಡುತ್ತಿತ್ತು. ಸೊಪ್ಪು ಕೊಯ್ದು ಬಂದು ಸರಸಮ್ಮ ಅದನ್ನು ನೋಡುತ್ತ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಸಾಕಿದ್ದೆಲ್ಲ ತಿಂಗಳೊಳಗೆ ಗೂಡು ಕಟ್ಟಿ ಬಿಸಿನೀರಿಗೆ ಹೋಗುತ್ತದೆ, ಇದೊಂದು ಹೋಗುವುದಿಲ್ಲ ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಅವರು ಮನಸ್ಸಿನ ಮಾತು ಆಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಕಳೆದ ವರ್ಷದ ಹೊತ್ತಿಗೆ ಹೂವು ಊಟದ ತಟ್ಟೆಯಷ್ಟಾಗಿ ಗಾಜಿಗೆ ಒತ್ತುತ್ತಿತ್ತು. ನಾಲ್ಕಡಿಯ ತೊಟ್ಟಿ ಬೇಕು ಅಂದ ಮೆಹಬೂಬ್. ಸರಿ, ಸಾಮಾನು ಆರಿಸುವ ಕೆಲಸ ಶುರುವಾಯಿತು. ಅವನು ಸ್ಕಿಮ್ಮರ್ ಅನ್ನುವ, ನೀರಿನ ಕೊಳೆಯನ್ನು ನೊರೆ ಮಾಡಿ ಹೊರಗೆ ಹಾಕುವ ಯಂತ್ರಗಳನ್ನು ಮೂರು ಬಗೆ ತಂದು ತೋರಿಸಿದ. ಯಾವುದು ಹೆಚ್ಚು ಕೊಳೆ ತೆಗೆಯುತ್ತದೆ ಅಂತ ಸರಸಮ್ಮ ಕೇಳಲಿಲ್ಲ. ಮೂರನ್ನೂ ಬಿಚ್ಚಿ, ತೊಳೆಯಲು ಕೈಬೆರಳು ಹೋಗದ ಮೂಲೆ ಇದ್ದ ಎರಡನ್ನು ಪಕ್ಕಕ್ಕಿಟ್ಟರು. ಪಂಪನ್ನು ಆರಿಸಿದ್ದೂ ಹಾಗೆಯೇ. ಬೇಸಿಗೆಗೆ ನೀರು ತಣ್ಣಗಿಡುವ ಚಿಲ್ಲರ್ ವಿಷಯದಲ್ಲಿ ಮಾತ್ರ ಅವರಿಗೆ ಯಾರ ಸಲಹೆಯೂ ಬೇಕಾಗಲಿಲ್ಲ. ಇಪ್ಪತ್ತೈದು ಡಿಗ್ರಿ ಅಂದರೆ ದೊಡ್ಡ ಹುಳುವಿಗೆ ಬೇಕಾದ ತಂಪು, ಅದು ಅವರ ಚರ್ಮಕ್ಕೇ ಗೊತ್ತು. ಕರೆಂಟು ಹೋದಾಗ ಅಲೆ ಎಬ್ಬಿಸುವ ಪಂಪು ನಿಲ್ಲದ ಹಾಗೆ ನಾನು ಬೇರೆ ಬ್ಯಾಟರಿ ಹಾಕಿಕೊಟ್ಟೆ. ಅರ್ಧ ಟನ್ ಭಾರ ಯಾವ ಮರದ ಸ್ಟ್ಯಾಂಡು ತಡೆಯುತ್ತದೆ ಅಂತ ತಿಮ್ಮಯ್ಯ ಕನಕಪುರದಿಂದ ಗ್ರಾನೈಟ್ ಚಪ್ಪಡಿ ತರಿಸಿದರು. ಜಗುಲಿಯಲ್ಲಿ ತೊಟ್ಟಿ ನಿಂತಿತು, ಉಪ್ಪುನೀರು ತುಂಬಿತು. ಭಾನುವಾರ ನಾನೇ ಬಂದು ಎಲ್ಲವನ್ನೂ ಹೊಸದಕ್ಕೆ ಸಾಗಿಸುತ್ತೇನೆ ಅಂತ ಮೆಹಬೂಬ್ ಹೇಳಿಹೋದ.

ಸರಸಮ್ಮ ಭಾನುವಾರದವರೆಗೆ ಕಾಯಲಿಲ್ಲ. ಶುಕ್ರವಾರ ಒಳ್ಳೆಯ ದಿನ. ಹೊಸ ಮನೆಗೆ ಹಳೆಯ ಕೊಳೆ ಹೊತ್ತುಕೊಂಡು ಹೋಗುವುದು ಅವರ ಜಾಯಮಾನವೇ ಅಲ್ಲ. ಗುರುವಾರವೇ ಹೂವಿನ ಬುಡವನ್ನು ಉಗುರು ತಾಗದಂತೆ ಕಲ್ಲಿನಿಂದ ಬಿಡಿಸಿ, ಮೀನುಗಳ ಜೊತೆ ಹಳೆಯ ನೀರಿನಲ್ಲೇ ಬಿಟ್ಟಿದ್ದರು. ಹೂವು ಕದಲೀತೆಂದು ಇಷ್ಟು ದಿನ ಮುಟ್ಟದೆ ಬಿಟ್ಟಿದ್ದ, ಆರು ವರ್ಷದ ಲೋಳೆ, ಪಾಚಿ ಕಟ್ಟಿದ್ದ ಕಲ್ಲುಗಳನ್ನೆಲ್ಲ ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ, ವಾಸನೆ ಹೋಗುವವರೆಗೆ ಜಾಲಿಸಿ, ಬಿಸಿಲಿಗೆ ಹಾಕಿದರು. ಹಳೆಯ ಮರಳು ತಿಪ್ಪೆ ಸೇರಿತು. ಶುಕ್ರವಾರ ಬೆಳಿಗ್ಗೆ ಹೊಸ ತೊಟ್ಟಿಯಲ್ಲಿ ಕಲ್ಲು ಜೋಡಿಸಿ, ಹೂವನ್ನೂ ಮೀನುಗಳನ್ನೂ ಬಿಟ್ಟರು. ಹಳೆಯ ತೊಟ್ಟಿಯನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದರು.

ಭಾನುವಾರ ಮೆಹಬೂಬ್ ಬಂದಾಗ ಮೀನುಗಳು ನೀರಿನ ಮೇಲೆ ಬಂದು ಏದುಸಿರು ಬಿಡುತ್ತಿದ್ದವು. ಕಲ್ಲುಗಳು ಉಜ್ಜಿದ ಹಲ್ಲಿನಂತೆ ಬೆಳ್ಳಗಿದ್ದವು. ಅವನು ಅಂಗಳದ ತೊಟ್ಟಿಯನ್ನು ನೋಡಿದ, ಮತ್ತೆ ಕಲ್ಲನ್ನು ನೋಡಿ ಅಲ್ಲೇ ಕುಕ್ಕರಿಸಿದ.

"ಆ ಕೊಳೇನೇ ಜೀವ ಅಕ್ಕ," ಅಂದ. "ಮೀನು ಮಾಡೋ ಹೊಲಸ್ನ ತಿನ್ನೋವು ಕಲ್ಲೊಳಗೇ ಇರ್ತಾವೆ. ಕಣ್ಗೆ ಕಾಣಾಕಿಲ್ಲ. ಅವು ಇಲ್ದಿದ್ರೆ ನೀರೇ ವಿಷ ಆಯ್ತದೆ."

ಸರಸಮ್ಮ, "ಕಣ್ಗೆ ಕಾಣ್ದೆ ಇರೋದ್ನ ಸಾಯ್ಸಾದು ಗೊತ್ತು ಕಣಪ್ಪ," ಅಂದರು. "ಸಾಕ್ಬೇಕು ಅಂತ ಯಾರೂ ಹೇಳ್ನಿಲ್ಲ."

ಅವನು ಹೇಳಿರಲಿಲ್ಲ, ನಿಜ. ಕಲ್ಲು ತೊಳೆಯಬೇಡಿ ಅಂತ ಹೇಳಬೇಕು ಎಂಬುದೇ ಅವನಿಗೆ ಹೊಳೆದಿರಲಿಲ್ಲ. ತೊಳೆಯದೆ ಇಡಬಹುದು ಎಂಬುದು ಇವರಿಗೆ ಹೊಳೆದಿರಲಿಲ್ಲ. ಅವತ್ತೇ ಅವನು ತನ್ನ ಅಂಗಡಿಯಿಂದ ಕೊಳಕು ಕಲ್ಲು ಎರಡು ಬಕೆಟ್ ತಂದು ಹಾಕಿದ. ದಿನಾ ಒಂದಷ್ಟು ನೀರು ಬದಲಾಯಿಸಿದರು. ನೀರು ಪರೀಕ್ಷೆ ಮಾಡುವ ಹನಿ ಹಾಕಿದರೆ ಬಣ್ಣ ಹಸಿರಿಗೇ ತಿರುಗುತ್ತಿತ್ತು, ಅಂದರೆ ವಿಷ ಇಳಿದಿಲ್ಲ. ಹೂವು ದಿನದಿಂದ ದಿನಕ್ಕೆ ಮುದುಡಿ ಮುಷ್ಟಿಯಷ್ಟಾಯಿತು.

ಮುಂದಿನ ಗುರುವಾರ ನಾನು ಬ್ಯಾಟರಿ ನೋಡಲು ಹೋದಾಗ ಮೆಹಬೂಬ್ ಅಲ್ಲಿದ್ದ. ಹೂವಿನ ಬಾಯಿ ತೆರೆದು, ಒಳಗಿಂದ ಕಂದು ಎಳೆಗಳು ಹೊರಗೆ ಜೋತಿದ್ದವು.

"ತೆಗ್ದ್‌ಬುಡಿ ಅಕ್ಕ, ಅದು ಹೋಯ್ತು," ಅಂದ ಮೆಹಬೂಬ್. "ಕೊಳೆತ್ರೆ ಮೀನ್ನೂ ಕರ್ಕೊಂಡೇ ಹೋಯ್ತದೆ."

"ಹೋಗಿಲ್ಲ," ಅಂದರು ಸರಸಮ್ಮ. "ಜ್ವರಕ್ಕೆ ಕೂತೈತೆ. ಮುಟ್ಬೇಡ."

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ಅಲ್ಲಾಡದೆ ಒಂದು ದಿನ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಹೊಸಬರು ಸತ್ತಿತೆಂದು ಗಾಬರಿಯಾಗುತ್ತಾರೆ, ಬಲ್ಲವರು ಮುಟ್ಟದೆ ಬಿಡುತ್ತಾರೆ. ಜ್ವರ ಯಾವುದು, ರೋಗ ಯಾವುದು ಅಂತ ಬಾಗಿಲಲ್ಲಿ ನಿಂತೇ ಹೇಳಬಲ್ಲವರು ಸರಸಮ್ಮ. ತೊಟ್ಟಿಯಿಂದ ಬರುತ್ತಿದ್ದ ಕೊಳೆತ ವಾಸನೆ ನನ್ನ ಮೂಗಿಗೇ ಹೊಡೆಯುತ್ತಿತ್ತು, ಅವರ ಮೂಗಿಗೆ ತಿಳಿಯಲಿಲ್ಲ ಅಂದರೆ ನಾನು ನಂಬುವುದಿಲ್ಲ. ಮೀನನ್ನಾದರೂ ಅಂಗಡಿಗೆ ಒಯ್ಯುತ್ತೇನೆ ಅಂತ ಮೆಹಬೂಬ್ ಕೇಳಿದ. ಅದಕ್ಕೂ ಬೇಡ ಅಂದರು. ಮೀನು ಕೊಟ್ಟರೆ ಹೂವು ಸತ್ತಿದೆ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು. ಆಗ ನಾನು ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಆ ಮನೆಯಲ್ಲಿ ಅವರಿಗೆ ಎದುರಾಡಿದವರು ಯಾರೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ನೀರು ಗಂಜಿಯಂತೆ ಕದಡಿತ್ತು. ಎರಡು ಮೀನೂ ಹೂವಿನ ಪಕ್ಕದಲ್ಲೇ ಸತ್ತಿದ್ದವು. ಸರಸಮ್ಮ ಬರಿಗೈ ಹಾಕಿ ಮೂರನ್ನೂ ತೆಗೆದು ಹಿಪ್ಪುನೇರಳೆ ಸಾಲಿನಲ್ಲಿ ಹೂತರಂತೆ. ತಿಮ್ಮಯ್ಯ ಹೇಳಿದ್ದು. ಸಾಮಾನನ್ನು ವಾಪಸು ತಗೊಂಡು ಬೇರೆಯವರಿಗೆ ಕೊಡಿಸಲೇ ಅಂತ ಮೆಹಬೂಬ್ ಕೇಳಿದ್ದಕ್ಕೆ, ಯಂತ್ರ ಓಡುತ್ತಿರಲಿ, ಕಲ್ಲು ಹಾಗೇ ಇರಲಿ ಅಂದರಂತೆ.

ಎರಡು ತಿಂಗಳಾದ ಮೇಲೆ ಕನಕಪುರದ ಕಡೆಯಿಂದ ಹುಳುಮನೆ ನೋಡಲು ಹೆಂಗಸರ ವ್ಯಾನು ಬಂತು. ನಾನು ಜಗುಲಿಯಲ್ಲಿ ಸ್ವಿಚ್ಚು ಬದಲಿಸುತ್ತಿದ್ದೆ. ತೊಟ್ಟಿಯ ನೀಲಿ ದೀಪ ಉರಿಯುತ್ತಿತ್ತು, ಪಂಪು ಓಡುತ್ತಿತ್ತು, ಒಳಗೆ ಜೀವ ಇರಲಿಲ್ಲ. ಕಲ್ಲಿಗೂ ಗಾಜಿಗೂ ಕಂದು ಲೋಳೆ ದಪ್ಪಗೆ ಕಟ್ಟಿತ್ತು. ಮಾನ್ಯ ಅನ್ನುವ ಹುಡುಗಿ, ಹೊಸದಾಗಿ ಹುಳು ಸಾಕಲು ಹೊರಟವಳು, ನಿಮ್ಮ ಮನೆಯಲ್ಲಿ ಇದೊಂದು ಯಾಕೆ ಇಷ್ಟು ಗಲೀಜು ಅಂತ ಕೇಳಿಯೇಬಿಟ್ಟಳು. ಮಾನ ಉಳಿಸಲು ತಿಮ್ಮಯ್ಯ, ಮೋಟರು ಕೆಟ್ಟಿದೆ ಅನ್ನತೊಡಗಿದರು. ಸರಸಮ್ಮ ಅವರನ್ನು ಕೈಯೆತ್ತಿ ತಡೆದರು.

"ಏನೂ ಕೆಟ್ಟಿಲ್ಲ ಕಣವ್ವ," ಅಂದರು. "ಇದ್ರಾಗೆ ಮೂರು ಜೀವ ಇದ್ವು. ಒಂದ್ನ ತೊಳ್ದು ಕೊಂದೆ. ಕೊಂದಿವ್ನಿ ಅಂತ ಒಪ್ಕೊಳ್ದೆ ಇನ್ನೆರಡ್ನ ಕೊಂದೆ."